ಅಡಿಕೆ ಎಲೆಚುಕ್ಕೆ ರಿಪೋರ್ಟಿನಲ್ಲಿ ಆಫ್ರಿಕಾದ ಕಾಫಿ ರೋಗದ ಹೆಸರು ಬಂದಿದೆ, ಇದೆಂತ ಕತೆ?

ಬಾಳೆಹಿತ್ಲು (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ. ಮೇಲ್ಭಾಗದಲ್ಲಿ ಒಂದಿಷ್ಟು ಅರೇಬಿಕಾ ಕಾಫಿಯೂ ಇದೆ. ಎಲೆಚುಕ್ಕೆ ಬಂದು ಕೆಳಗಿನ ಸೋಗೆಗಳೆಲ್ಲ ಸುಟ್ಟ ಹಾಗೆ ಆಗಿವೆ. ತಂಗಿಯ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅವನು ಒಂದು ಸೋಗೆ ತುಂಡು ತೆಗೆದುಕೊಂಡು ಹೋಗಿ ಯಾವುದೋ ಲ್ಯಾಬಿಗೆ ಕೊಟ್ಟಿದ್ದ. ರಿಪೋರ್ಟು ಬಂತು: ಕೊಲೆಟೋಟ್ರೈಕಮ್ ಕಹಾವೇ, ಉಪಜಾತಿ ಸಿಗಾರೋ.

ಕಹಾವೇ ಅಂತ ಹುಡುಕಿದರೆ ಆಫ್ರಿಕಾದಲ್ಲಿ ಕಾಫಿ ಕಾಯಿ ಕಪ್ಪಾಗಿಸಿ ಉದುರಿಸುವ ರೋಗವೇ ಬರುತ್ತದೆ. ಪಕ್ಕದ ತೋಟದವರಿಗೆ ಇದು ಕಿವಿಗೆ ಬಿದ್ದಿದ್ದೇ ತಡ, "ನಿಮ್ಮ ಅಡಿಕೆಯಿಂದ ನಮ್ಮ ಕಾಫಿಗೆ ಬಂದರೆ ಯಾರು ಹೊಣೆ" ಅಂತ ಶುರು ಮಾಡಿದ್ದಾರೆ. ಇನ್ನು ನನ್ನ ಹತ್ತಿರ ಇರುವ ಹಳೇ ಕರಪತ್ರದಲ್ಲಿ ಗ್ಲಿಯೋಸ್ಪೋರಿಯಾಯ್ಡಿಸ್ ಅಂತ ಇದೆ. ಅದಕ್ಕಿಂತ ಹಳೆಯದರಲ್ಲಿ ಗ್ಲೋಮೆರೆಲ್ಲಾ.

ಇವೆಲ್ಲ ಒಂದೇ ಬೂಷ್ಟಾ, ಬೇರೆ ಬೇರೆಯಾ? ಆಫ್ರಿಕಾದ್ದು ನಿಜವಾಗಿ ಇಲ್ಲಿಗೆ ಬಂದಿದೆಯಾ? ಗೊತ್ತಿದ್ದವರು ಹೇಳಿ.


ಹೊಸನಗರದ ಹುಡುಗ

ಹೆಸರು ಯಾವುದಾದರೆ ಎಂತ ಅಣ್ಣ, ಸೋಗೆ ಒಣಗುವುದು ಒಣಗುತ್ತದೆ.


ಕೊಪ್ಪದ ಕಾಫಿ

ಬಾಳೆಹಿತ್ಲು ಅವರೇ, ನಿಮ್ಮ ಪಕ್ಕದವರು ಹೆದರುವುದರಲ್ಲಿ ತಪ್ಪೇನೂ ಇಲ್ಲ. ಕಾಫಿ ಕಾಯಿ ರೋಗ ಕೀನ್ಯಾದಲ್ಲಿ 1922ರಲ್ಲೇ ಕಾಣಿಸಿಕೊಂಡಿತು. ಹಸಿರು ಕಾಯಿಯನ್ನೇ ಹಿಡಿಯುತ್ತದೆ. ಅರೇಬಿಕಾ ಇಟ್ಟುಕೊಂಡವರಿಗೆ ಅದಕ್ಕಿಂತ ಕೆಟ್ಟ ಹೆಸರು ಇನ್ನೊಂದಿಲ್ಲ. ಅಂಥ ಹೆಸರನ್ನು ರಿಪೋರ್ಟಿನಲ್ಲಿ ಬರೆದು ಕೈ ತೊಳೆದುಕೊಂಡರೆ ಹೇಗೆ? ಕೆಳಗೆ ಎರಡು ಸಾಲು ವಿವರಣೆ ಬೇಡವಾ?


ಪೆಟ್ರಿ ತಟ್ಟೆ (ಶಿವಮೊಗ್ಗ)

ನಾನು ಇದೇ ಕೊಲೆಟೋಟ್ರೈಕಮ್ ಕುಲದ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ಮೊದಲು ಗಾಬರಿ ಇಳಿಸುತ್ತೇನೆ. ಆಫ್ರಿಕಾದ ಕಾಫಿ ರೋಗ ನಿಮ್ಮ ತೋಟಕ್ಕೆ ಬಂದಿದೆ ಅಂತ ಆ ರಿಪೋರ್ಟು ಹೇಳುತ್ತಿಲ್ಲ.

2012ರಲ್ಲಿ ನ್ಯೂಜಿಲೆಂಡಿನ ವಿಯರ್, ಜಾನ್‌ಸ್ಟನ್ ಮತ್ತು ನೆದರ್ಲೆಂಡ್ಸಿನ ಡಾಮ್ ಸೇರಿ ಗ್ಲಿಯೋಸ್ಪೋರಿಯಾಯ್ಡಿಸ್ ಅನ್ನುವ ದೊಡ್ಡ ಗುಂಪನ್ನು ಬಿಡಿಸಿದರು. ಹಲವು ಜೀನ್‌ಗಳ ಅಕ್ಷರಗಳನ್ನು ಓದಿ ವಂಶವೃಕ್ಷ ಕಟ್ಟಿದಾಗ ಒಂದೇ ಅಂದುಕೊಂಡಿದ್ದರೊಳಗೆ 22 ಜಾತಿಗಳು ಕಂಡವು. ಅದರಲ್ಲಿ ಕಹಾವೇ ಒಂದು. ಅದರ ಕೆಳಗೆ ಎರಡು ಉಪಜಾತಿ ಮಾಡಿದರು. ಕಾಫಿ ಕಾಯಿಯನ್ನು ಹಿಡಿಯುವುದು, ಆಫ್ರಿಕಾದಲ್ಲಿ ಮಾತ್ರ ಇರುವುದು ಒಂದು. ಇನ್ನೊಂದು ಸಿಗಾರೋ. ಇದು ಆಸ್ಟ್ರೇಲಿಯಾದ ಆಲಿವ್ ಮರದಲ್ಲಿ, ನ್ಯೂಜಿಲೆಂಡ್, ಯೂರೋಪ್, ಅಮೆರಿಕದ ಬೇರೆ ಬೇರೆ ಗಿಡಗಳಲ್ಲಿ ಸಿಕ್ಕಿತ್ತು. ಕಾಫಿಯ ಹಸಿರು ಕಾಯಿಗೆ ರೋಗ ತರುವ ಶಕ್ತಿ ಇದಕ್ಕಿಲ್ಲ.

2020ರಲ್ಲಿ ಪೋರ್ಚುಗಲ್‌ನ ತಂಡವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇವೆರಡು ಉಪಜಾತಿಯೂ ಅಲ್ಲ, ಪೂರ್ತಿ ಬೇರೆ ಜಾತಿ ಅಂತ ತೋರಿಸಿ ಕೊಲೆಟೋಟ್ರೈಕಮ್ ಸಿಗಾರೋ ಅಂತ ಹೆಸರಿಟ್ಟಿತು. ಅಂದರೆ ನಿಮ್ಮ ರಿಪೋರ್ಟಿನ ಹೆಸರು 2012ರದ್ದು. ಈಗ ಬರೆದಿದ್ದರೆ ಅದರಲ್ಲಿ ಕಹಾವೇ ಅನ್ನುವ ಪದವೇ ಇರುತ್ತಿರಲಿಲ್ಲ. ಪಕ್ಕದವರ ಜೊತೆ ಜಗಳವೂ ಇರುತ್ತಿರಲಿಲ್ಲ.


ಹೊಸನಗರದ ಹುಡುಗ

ಹಾಗಾದರೆ ಹೆಸರಿನಿಂದಲೇ ಜಗಳ ಅಂತ ಆಯ್ತಲ್ಲ ಮೇಡಂ 😄


ಕೊಪ್ಪದ ಕಾಫಿ

ಮೇಡಂ, "ಆಫ್ರಿಕಾದಲ್ಲಿ ಮಾತ್ರ" ಅನ್ನುವುದನ್ನು ನಾನು ಅಷ್ಟು ಸುಲಭಕ್ಕೆ ನಂಬುವವನಲ್ಲ. ಕಾಫಿ ಎಲೆ ತುಕ್ಕು 1869ರಲ್ಲಿ ಸಿಲೋನಿನಲ್ಲಿ ಇತ್ತು. ಇನ್ನು ಕೆಲವೇ ವರ್ಷದಲ್ಲಿ ನಮ್ಮ ಬೆಟ್ಟಕ್ಕೂ ಬಂತು. ಸಿಲೋನಿನ ತೋಟದವರು ಕೊನೆಗೆ ಕಾಫಿಯನ್ನೇ ಬಿಟ್ಟು ಟೀ ಹಾಕಿದರು. ಗಾಳಿಯಲ್ಲಿ ಹಾರುವ ಬೀಜಾಣುವಿಗೆ ಪಾಸ್‌ಪೋರ್ಟ್ ಬೇಕಾ?


ಹಳೇ ಮೇಷ್ಟ್ರು (ಸಾಗರ)

ಒಳ್ಳೆಯ ಚರ್ಚೆ. ಸ್ವಲ್ಪ ಹಿಂದಿನ ಕತೆ ಸೇರಿಸುತ್ತೇನೆ.

ಮೊದಲು ಯಾರಿಗೆ ಯಾವ ಗಿಡದ ಮೇಲೆ ಬೂಷ್ಟು ಸಿಕ್ಕಿತೋ ಅವರು ಆ ಗಿಡದ ಹೆಸರು ಸೇರಿಸಿ ಒಂದು ಜಾತಿ ಮಾಡಿಬಿಡುತ್ತಿದ್ದರು. ಮಾವಿನದ್ದು ಒಂದು, ನಿಂಬೆಯದ್ದು ಒಂದು, ಪಪ್ಪಾಯಿಯದ್ದು ಇನ್ನೊಂದು. ಕೊಲೆಟೋಟ್ರೈಕಮ್ ಕುಲದಲ್ಲೇ ಸುಮಾರು 750 ಹೆಸರು ಆಗಿದ್ದವು. 1957ರಲ್ಲಿ ಫಾನ್ ಆರ್ಕ್ಸ್ ಅನ್ನುವವರು ಕೂತು ಬೀಜಾಣುವಿನ ಆಕಾರ ನೋಡಿ ಅಷ್ಟನ್ನೂ 11 ಜಾತಿಗೆ ಇಳಿಸಿದರು. ನಾವೆಲ್ಲ ಓದಿದ್ದು, ಪಾಠ ಮಾಡಿದ್ದು ಆ ಲೆಕ್ಕದಲ್ಲಿ. ಉದ್ದನೆಯ, ತುದಿ ಗುಂಡಗಿರುವ ಬೀಜಾಣು ಕಂಡರೆ ಗ್ಲಿಯೋಸ್ಪೋರಿಯಾಯ್ಡಿಸ್ ಅಂತ ಬರೆದು ಮುಂದಕ್ಕೆ ಹೋಗುವುದು. ಹನ್ನೊಂದಿದ್ದರೆ ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದಿತ್ತು!

ಗ್ಲೋಮೆರೆಲ್ಲಾ ವಿಷಯ: ಅದು ಇದೇ ಬೂಷ್ಟಿನ ಲೈಂಗಿಕ ಅವಸ್ಥೆಯ ಹೆಸರು. ಲೈಂಗಿಕ ಅವಸ್ಥೆಗೆ ಒಂದು ಹೆಸರು, ಇನ್ನೊಂದು ಅವಸ್ಥೆಗೆ ಬೇರೆ ಹೆಸರು ಇಡಲು ನಿಯಮವೇ ಅವಕಾಶ ಕೊಟ್ಟಿತ್ತು. 2011ರಲ್ಲಿ ಮೆಲ್ಬೋರ್ನಿನಲ್ಲಿ ಸಸ್ಯವಿಜ್ಞಾನಿಗಳು ಸೇರಿ ಅದನ್ನು ತೆಗೆದುಹಾಕಿದರು. 2013ರ ಜನವರಿ 1ರಿಂದ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು.


ತುಂಗಾ ತಟ

750ರಿಂದ 11. ಈಗ ಆ 11ರಲ್ಲಿ ಒಂದರಿಂದಲೇ 22. ಇನ್ನು ಹತ್ತು ವರ್ಷಕ್ಕೆ ಪುನಃ 750 ಆಗುತ್ತದೆ ನೋಡಿ. ಪಿಎಚ್‌ಡಿ ಮಾಡುವವರಿಗೆ ಕೆಲಸ ಬೇಕಲ್ಲ.


ಪೆಟ್ರಿ ತಟ್ಟೆ (ಶಿವಮೊಗ್ಗ)

ತುಂಗಾ ತಟ ಸಾರ್, ನನ್ನ ಹೊಟ್ಟೆಪಾಡಿಗೆ ಕೈ ಹಾಕಬೇಡಿ 🙂

ಆದರೆ ವ್ಯತ್ಯಾಸ ಇದೆ. ಆಗಿನ 750 ಗಿಡ ನೋಡಿ ಮಾಡಿದ್ದು. ಈಗಿನದು ವಂಶ ನೋಡಿ ಮಾಡುತ್ತಿರುವುದು. ಮದುವೆ ಮನೆಯಲ್ಲಿ ಮೂಗು ನೋಡಿ ಇವರಿಬ್ಬರು ಅಣ್ಣತಮ್ಮ ಅನ್ನುವುದಕ್ಕೂ ಪುರೋಹಿತರ ಹತ್ತಿರ ಮೂರು ತಲೆಮಾರು ಕೇಳಿ ಹೇಳುವುದಕ್ಕೂ ಇರುವಷ್ಟು ವ್ಯತ್ಯಾಸ.

ಒಂದು ಜೀನ್ ಮಾತ್ರ ನೋಡಿ ತೀರ್ಮಾನ ಮಾಡುವುದೂ ಇಲ್ಲ. ಐಟಿಎಸ್ ಅನ್ನುವ ಡಿಎನ್‌ಎ ತುಂಡನ್ನು 2012ರಲ್ಲಿ ಶಿಲೀಂಧ್ರಗಳಿಗೆಲ್ಲ ಸಾಮಾನ್ಯ ಗುರುತು ಅಂತ ಒಪ್ಪಿಕೊಂಡರು. ಆದರೆ ಈ ಗುಂಪಿನಲ್ಲಿ ಅದು ಸಾಲುವುದೇ ಇಲ್ಲ. ಅದನ್ನು ಮಾತ್ರ ಓದಿದರೆ ಅರ್ಧ ಜಾತಿಗಳು ಒಂದೇ ಥರ ಕಾಣುತ್ತವೆ. ಹಾಗಾಗಿ ಆ್ಯಕ್ಟಿನ್, ಬೀಟಾ ಟ್ಯೂಬುಲಿನ್, ಕೈಟಿನ್ ಸಿಂಥೇಸ್ ಹೀಗೆ ಐದಾರು ಜೀನ್ ಓದುತ್ತೇವೆ. ಒಂದೊಂದಕ್ಕೂ ಬೇರೆ ಬೇರೆ ಮರ ಕಟ್ಟುತ್ತೇವೆ. ಎಲ್ಲ ಮರಗಳಲ್ಲೂ ಒಂದು ಗುಂಪು ಒಟ್ಟಿಗೇ ನಿಂತರೆ ಅದು ತನ್ನೊಳಗೆ ಮಾತ್ರ ಬೆರೆಯುತ್ತಿದೆ ಅಂತ ಅರ್ಥ. ಅದಕ್ಕೆ ಜಾತಿ ಅನ್ನಬಹುದು. ಮರಗಳು ಒಂದಕ್ಕೊಂದು ಹೊಂದದೆ ಕಲಸಿಕೊಂಡರೆ ಅಲ್ಲಿ ಇನ್ನೂ ಬೆರಕೆ ನಡೆಯುತ್ತಿದೆ, ಬೇರೆ ಮಾಡಬಾರದು. 2000ದಲ್ಲಿ ಜಾನ್ ಟೇಲರ್ ಮತ್ತು ಜೊತೆಯವರು ಈ ವಿಧಾನವನ್ನು ಸರಿಯಾಗಿ ಬರೆದಿಟ್ಟರು.

ಕಹಾವೇ ಮತ್ತು ಸಿಗಾರೋ ಬಿಡಿಸಲು ಗ್ಲುಟಮಿನ್ ಸಿಂಥಟೇಸ್ ಅನ್ನುವ ಜೀನ್ ಬೇಕು. ಜೀನ್ ಇಲ್ಲದೆಯೂ ಒಂದು ಹಳೇ ಪರೀಕ್ಷೆ ಇದೆ. ಸಿಟ್ರೇಟ್ ಅಥವಾ ಟಾರ್ಟರೇಟ್ ಮಾತ್ರ ಆಹಾರವಾಗಿ ಕೊಟ್ಟರೆ ಕಾಫಿಯದ್ದು ಬೆಳೆಯುವುದಿಲ್ಲ, ಸಿಗಾರೋ ಬೆಳೆಯುತ್ತದೆ. ಬಾಳೆಹಿತ್ಲು ಅವರೇ, ನಿಮ್ಮ ಅಳಿಯನ ಹತ್ತಿರ ಆ ಲ್ಯಾಬಿನವರು ಯಾವ ಜೀನ್ ಓದಿದ್ದು ಅಂತ ಕೇಳಿ. ಐಟಿಎಸ್ ಮಾತ್ರ ಅಂದರೆ ಆ ರಿಪೋರ್ಟನ್ನು ಅಷ್ಟಾಗಿ ನೆಚ್ಚಿಕೊಳ್ಳಬೇಡಿ.


ಬಾಳೆಹಿತ್ಲು (ತೀರ್ಥಹಳ್ಳಿ ಕಡೆ)

ಕೇಳಿದೆ. ಐಟಿಎಸ್ ಮತ್ತು ಇನ್ನೊಂದು ಅಂತಾನೆ. ಆ ಇನ್ನೊಂದು ಯಾವುದು ಅಂತ ಅವನಿಗೂ ಗೊತ್ತಿಲ್ಲವಂತೆ. ವಿಚಾರಿಸಿ ಹೇಳುತ್ತಾನಂತೆ.


ಪೆಟ್ರಿ ತಟ್ಟೆ (ಶಿವಮೊಗ್ಗ)

ಸರಿ. ಆ ಅಕ್ಷರಗಳನ್ನು ಯಾವುದರ ಜೊತೆ ಹೋಲಿಸಿದರು ಅಂತಲೂ ಕೇಳಿಸಿ. ಸಾರ್ವಜನಿಕ ಜೀನ್ ಭಂಡಾರದಲ್ಲಿ ಶಿಲೀಂಧ್ರದ ಐಟಿಎಸ್ ದಾಖಲೆಗಳಲ್ಲಿ ಐದರಲ್ಲಿ ಒಂದರಷ್ಟು ತಪ್ಪು ಹೆಸರಿನಲ್ಲಿ ಇರಬಹುದು ಅಂತ 2006ರಲ್ಲೇ ಒಂದು ಪರಿಶೀಲನೆ ಹೇಳಿತ್ತು. ತಪ್ಪು ಹೆಸರಿನದ್ದಕ್ಕೆ ಹೋಲಿಸಿದರೆ ನಮ್ಮದಕ್ಕೂ ಅದೇ ತಪ್ಪು ಹೆಸರು ಅಂಟಿಕೊಳ್ಳುತ್ತದೆ.


ಮೈಲುತುತ್ತ

ನಂದೊಂದು ಪ್ರಶ್ನೆ. ಸಿಗಾರೋ ಆಗಲಿ ಗ್ಲಿಯೋ ಆಗಲಿ, ಹೊಡೆಯುವ ಔಷಧಿ ಬದಲಾಗುತ್ತದಾ? ಇಲ್ಲ ಅಂದರೆ ಈ ಮರ ಕಟ್ಟುವುದೆಲ್ಲ ರೈತನಿಗೆ ಯಾಕೆ?


ಹೊಸನಗರದ ಹುಡುಗ

ಮೈಲುತುತ್ತ ಅಣ್ಣನ ಮಾತೇ ನಂದೂ.


ಹೆಗ್ಡೇರ ತೋಟ (ಶೃಂಗೇರಿ)

ಬದಲಾಗುತ್ತದೆ ಮಾರಾಯ್ರೆ, ಬದಲಾಗದೆ ಏನು. ನನ್ನದೇ ಕೇಳಿ.

ಹೋದ ಮಳೆಗಾಲ ಕೊಳೆ ಹಿಡಿಯಿತು. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡು ಹಸಿರು ಕಲೆ, ಆಮೇಲೆ ಕಾಯಿ ಪಟಪಟ ಉದುರಿ ಮರದ ಬುಡದಲ್ಲಿ ಬಿಳಿ ಹತ್ತಿ ಸುತ್ತಿದ ಹಾಗೆ ಬೂಷ್ಟು. ಪೇಟೆಯ ಔಷಧಿ ಅಂಗಡಿಗೆ ಹೋದರೆ "ಎಲೆಚುಕ್ಕೆಗೆ ಇದೇ ಭಾರೀ ಹೋಗ್ತಾ ಇದೆ, ಎರಡೂ ಬೂಷ್ಟೇ ಅಲ್ವಾ, ಇದನ್ನೇ ಹೊಡೀರಿ" ಅಂತ ಪ್ರೊಪಿಕೊನಜೋಲ್ ಕೊಟ್ಟ. ಮಳೆ ಬಿಟ್ಟ ಹೊತ್ತು ನೋಡಿ ಕೊನೆಗಾರನನ್ನು ಕಾಡಿ ಬೇಡಿ ಕರೆಸಿ ಹೊಡೆಸಿದೆ. ಏನೂ ಆಗಲಿಲ್ಲ. ಕಾಯಿ ಉದುರುವುದು ಉದುರುತ್ತಲೇ ಹೋಯಿತು. ಔಷಧಿ ದುಡ್ಡೂ ಹೋಯಿತು, ಕೂಲಿಯೂ ಹೋಯಿತು, ಅರ್ಧ ಫಸಲೂ ಹೋಯಿತು. ಅಂಗಡಿಯವನ ಹತ್ತಿರ ಕೇಳಿದರೆ "ಮಳೆ ಜಾಸ್ತಿ ಆಯ್ತು ಸಾರ್" ಅಂತಾನೆ.


ಪೆಟ್ರಿ ತಟ್ಟೆ (ಶಿವಮೊಗ್ಗ)

ಹೆಗ್ಡೇರೆ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗುತ್ತಿರಲಿಲ್ಲ. ಅಡಿಕೆ ಕೊಳೆರೋಗ ತರುವ ಫೈಟೋಫ್ತೊರಾ ಶಿಲೀಂಧ್ರವೇ ಅಲ್ಲ!

ನೋಡಲು ದಾರದ ಹಾಗೆ ಬೆಳೆಯುತ್ತದೆ, ಬೀಜಾಣು ಬಿಡುತ್ತದೆ, ಅದಕ್ಕೇ ನೂರು ವರ್ಷ ಶಿಲೀಂಧ್ರ ಅಂದೆವು. ವಂಶ ನೋಡಿದರೆ ಅದು ಕಂದು ಪಾಚಿ ಮತ್ತು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಗಳ ಕಡೆಯದು. ನಿಜವಾದ ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ. ಇದರಲ್ಲಿ ಮುಖ್ಯವಾಗಿ ಗ್ಲುಕನ್ ಮತ್ತು ಸೆಲ್ಯುಲೋಸ್. ಪ್ರೊಪಿಕೊನಜೋಲ್ ಥರದ ಔಷಧಿಗಳು ಶಿಲೀಂಧ್ರ ತನ್ನ ಕೋಶದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಿಸುವುದನ್ನು ತಡೆಯುತ್ತವೆ. ಫೈಟೋಫ್ತೊರಾ ಅದನ್ನು ತಯಾರಿಸುವುದೇ ಇಲ್ಲ. ಇಲ್ಲದ ಕೆಲಸವನ್ನು ನಿಲ್ಲಿಸುವುದು ಹೇಗೆ? ಮಳೆಯದ್ದೇನೂ ತಪ್ಪಿಲ್ಲ.

ತಿರುಗಿಸಿ ನೋಡಿದರೂ ಅದೇ. ಮೆಟಲಾಕ್ಸಿಲ್ ಅನ್ನುವ ಔಷಧಿ ಕೊಳೆಗೆ ಕೆಲಸ ಮಾಡುತ್ತದೆ, ಎಲೆಚುಕ್ಕೆಯ ಕೊಲೆಟೋಟ್ರೈಕಮ್‌ಗೆ ಮಾಡುವುದಿಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಎರಡಕ್ಕೂ ಆಗುತ್ತದೆ, ಯಾಕೆಂದರೆ ತಾಮ್ರ ಕುಲಗೋತ್ರ ಕೇಳುವುದಿಲ್ಲ. ಆದರೆ ಅದು ರೋಗ ಬರುವ ಮೊದಲೇ ಕಾಯಿ ಮೇಲೆ ಕೂತಿರಬೇಕು.


ಗೌಡ್ರ ಮನೆ (ರಿಪ್ಪನ್‌ಪೇಟೆ)

ಪಠ್ಯಪುಸ್ತಕದಲ್ಲಿ ಫೈಟೋಫ್ತೊರಾ ಶಿಲೀಂಧ್ರ ಅಂತಲೇ ಇದೆಯಲ್ಲ. ನನ್ನ ಮಗಳು ಪರೀಕ್ಷೆಯಲ್ಲಿ ಪಾಚಿ ಅಂತ ಬರೆದರೆ ಮಾರ್ಕ್ಸ್ ಕೊಡುತ್ತಾರಾ?


ಹಳೇ ಮೇಷ್ಟ್ರು (ಸಾಗರ)

ಗೌಡ್ರೇ, ಪಾಚಿ ಅಂತಲೂ ಬರೆಯುವುದು ಬೇಡ, ಪಾಚಿಯ ದೂರದ ನೆಂಟ ಅಷ್ಟೇ. ಊಮೈಸೀಟ್ ಅಂತ ಬರೆಯಲಿ, ಯಾವ ಮೇಷ್ಟ್ರೂ ಕತ್ತರಿಸಲಾರರು.

ಇದರ ಜೊತೆ ಇನ್ನೊಂದು ಸ್ವಾರಸ್ಯ ಇದೆ. ನಮ್ಮ ಕಾಫಿಯಲ್ಲೂ ಕೊಳೆರೋಗ ಇದೆ, ಕೊಪ್ಪದವರಿಗೆ ಗೊತ್ತಿರುತ್ತದೆ. ಎಲೆ ಕಪ್ಪಾಗಿ ಜೇಡರ ಬಲೆಯಂಥ ಎಳೆಯಲ್ಲಿ ಗಿಡದಲ್ಲೇ ನೇತಾಡುವುದು. ಮೈಸೂರಿನ ಕಾಫಿಯಿಂದ ಬಂದ ಆ ಬೂಷ್ಟಿಗೆ ಕುಕ್ ಅನ್ನುವ ಇಂಗ್ಲಿಷ್ ವಿಜ್ಞಾನಿ 1876ರಲ್ಲಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಅಂತಲೇ ಹೆಸರಿಟ್ಟರು. 1958ರಲ್ಲಿ ಡಾಂಕ್ ಅನ್ನುವವರು ಕೊಳೆರೋಗ ಅಂತ ಒಂದು ಕುಲವನ್ನೇ ಮಾಡಿದರು. ಅದು ನಿಜವಾದ ಶಿಲೀಂಧ್ರ, ಅಣಬೆಗಳ ದೊಡ್ಡ ವಿಭಾಗಕ್ಕೆ ಸೇರಿದ್ದು.

ಶಿಲೀಂಧ್ರಗಳು ವಂಶದಲ್ಲಿ ಪ್ರಾಣಿಗಳ ಹತ್ತಿರದವು. ಹಾಗಾಗಿ ಕಾಫಿ ಕೊಳೆರೋಗದ ಬೂಷ್ಟಿಗೆ ಅಡಿಕೆ ಕೊಳೆರೋಗದ ಜೀವಿಗಿಂತ ನೀವೂ ನಾನೂ ಹತ್ತಿರದ ಸಂಬಂಧಿಗಳು.


ಹೊಸನಗರದ ಹುಡುಗ

ಮೇಷ್ಟ್ರೇ, ಇದನ್ನು ನಮ್ಮಜ್ಜಿಗೆ ಹೇಳಿದರೆ ನಾಳೆಯಿಂದ ಅಣಬೆ ಸಾರು ಮಾಡುವುದೇ ಬಿಡ್ತಾರೆ.


ಮೈಲುತುತ್ತ

ಅಡಿಕೆ ಕೊಳೆಗೆ ಬೋರ್ಡೋ ಹೊಡೆಯುವುದನ್ನು ಕಲಿಸಿದ್ದು ಕೋಲ್ಮನ್ ಸಾಹೇಬರು ಅಂತ ನಮ್ಮಜ್ಜ ಹೇಳುತ್ತಿದ್ದರು. ಅದಕ್ಕೂ ಮೊದಲು ಮಳೆ ತಾಗದ ಹಾಗೆ ಗೊನೆಗೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದರಂತೆ. ಈಗ ಕೊಟ್ಟೆ ಕಟ್ಟುವವರು ಯಾರಿದ್ದಾರೆ.


ಹಳೇ ಮೇಷ್ಟ್ರು (ಸಾಗರ)

ಹೌದು, ಲೆಸ್ಲಿ ಕೋಲ್ಮನ್. ಕೆನಡಾದವರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದಿದ್ದರು. 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ದೊಡ್ಡ ಲೇಖನ ಬರೆದರು. ಅದಕ್ಕೆ ಅವರು ಕೊಟ್ಟ ಹೆಸರು ಫೈಟೋಫ್ತೊರಾ ಓಮ್ನಿವೋರಾ, ಪ್ರಭೇದ ಅರೇಕೇ. 1913ರಲ್ಲಿ ಪೆಥಿಬ್ರಿಜ್ ಅದನ್ನು ಫೈಟೋಫ್ತೊರಾ ಅರೇಕೇ ಅಂತ ಸ್ವತಂತ್ರ ಜಾತಿ ಮಾಡಿದರು. ಆಮೇಲೆ ಅರೇಕೇ ಬೇರೆಯಲ್ಲ, ಪಾಲ್ಮಿವೋರಾದೊಳಗಿನದೇ ಅಂದರು. ಈಗ ನಮ್ಮ ಕಡೆಯ ಕೊಳೆಯಲ್ಲಿ ಹೆಚ್ಚಾಗಿ ಸಿಗುವುದು ಮೀಡಿಯೈ ಅನ್ನುತ್ತಾರೆ. ಅದನ್ನು 1918ರಲ್ಲಿ ಮ್ಯಾಕ್‌ರೇ ರಬ್ಬರ್ ಮರದಿಂದ ವರ್ಣಿಸಿದ್ದು. ಬೋರ್ಡೋ ಕೂಡ ಫ್ರಾನ್ಸಿನಲ್ಲಿ 1885ರ ಹೊತ್ತಿಗೆ ದ್ರಾಕ್ಷಿಯ ಬೂಜು ರೋಗಕ್ಕೆ ಹುಟ್ಟಿದ್ದು. ಆ ದ್ರಾಕ್ಷಿ ರೋಗದ ಜೀವಿಯೂ ಊಮೈಸೀಟೇ.


ತುಂಗಾ ತಟ

ನೋಡಿದಿರಾ, ಓಮ್ನಿವೋರಾ, ಅರೇಕೇ, ಪಾಲ್ಮಿವೋರಾ, ಮೀಡಿಯೈ. ನೂರು ವರ್ಷದಲ್ಲಿ ನಾಲ್ಕು ಹೆಸರು. ಔಷಧಿ ಮಾತ್ರ ಅದೇ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ನನ್ನ ವಾದ ಇಷ್ಟೇ: ಕುಲ ಗೊತ್ತಾದರೆ ಸಾಕು, ಜಾತಿ ಬೇಡ.


ಪೆಟ್ರಿ ತಟ್ಟೆ (ಶಿವಮೊಗ್ಗ)

ಸಾರ್, ಔಷಧಿಯ ಮಟ್ಟಿಗೆ ನಿಮ್ಮ ಮಾತಲ್ಲಿ ಅರ್ಧ ಸತ್ಯ ಇದೆ. ಆದರೆ ಈ ಥ್ರೆಡ್ ಶುರುವಾಗಿದ್ದು ಔಷಧಿಯಿಂದ ಅಲ್ಲ. ಅಡಿಕೆಯದ್ದು ಕಾಫಿಗೆ ಹಾರುತ್ತದಾ ಅನ್ನುವುದರಿಂದ. ಕುಲ ಮಾತ್ರ ನೋಡಿದರೆ ಎರಡೂ ಕೊಲೆಟೋಟ್ರೈಕಮ್. ಆಗ ಬಾಳೆಹಿತ್ಲು ಅವರ ಪಕ್ಕದವರೇ ಗೆದ್ದ ಹಾಗೆ. ಜಾತಿ ನೋಡಿದರೆ ಮಾತ್ರ ಉತ್ತರ ಸಿಗುವುದು.

ಹಳೇ ಹೆಸರು ಇಟ್ಟುಕೊಂಡರೆ ಇನ್ನೊಂದು ತೊಂದರೆ. ಗ್ಲಿಯೋಸ್ಪೋರಿಯಾಯ್ಡಿಸ್ ಮೂಲದಲ್ಲಿ ಇಟಲಿಯ ನಿಂಬೆ ಜಾತಿಯ ಗಿಡದಿಂದ 1882ರಲ್ಲಿ ಪೆಂಜಿಗ್ ವರ್ಣಿಸಿದ್ದು. ಮೂಲ ಮಾದರಿ ಹಳತಾಗಿ ಜೀನ್ ಸಿಗದೆ ಇದ್ದುದರಿಂದ 2008ರಲ್ಲಿ ಇಟಲಿಯದ್ದೇ ಹೊಸ ಮಾದರಿಯೊಂದನ್ನು ಅದಕ್ಕೆ ಗಟ್ಟಿ ಮಾಡಿದರು. ಆಮೇಲೆ ಉಷ್ಣವಲಯದ ಹಣ್ಣುಗಳಿಂದ ತೆಗೆದದ್ದನ್ನೆಲ್ಲ ಅದಕ್ಕೆ ಹೋಲಿಸಿ ನೋಡಿದರೆ ಅಸಲಿ ಗ್ಲಿಯೋಸ್ಪೋರಿಯಾಯ್ಡಿಸ್ ಇಲ್ಲಿ ಅಪರೂಪ. ನಾವು ಇಷ್ಟು ವರ್ಷ ಮಾವು, ಪಪ್ಪಾಯಿ, ಅಡಿಕೆಗೆಲ್ಲ ಬರೆದ ಹೆಸರು ಬೇರೆ ಯಾರದ್ದೋ.


ಕೊಪ್ಪದ ಕಾಫಿ

ಸರಿ, ಒಪ್ಪಿದೆ. ಆದರೆ ಊರಿನ ಲೆಕ್ಕಕ್ಕೆ ಉತ್ತರ ಬರಲಿಲ್ಲ. ಇಟಲಿಯದ್ದು ಇಟಲಿಯಲ್ಲೇ, ಆಫ್ರಿಕಾದ್ದು ಆಫ್ರಿಕಾದಲ್ಲೇ ಯಾಕೆ ಇರಬೇಕು? ಬೀಜಾಣು ಅಷ್ಟು ಸಣ್ಣದು. "ಎಲ್ಲವೂ ಎಲ್ಲ ಕಡೆ ಇದೆ, ಯಾವುದು ಬದುಕಬೇಕು ಅಂತ ಜಾಗ ಆರಿಸುತ್ತದೆ" ಅಂತ ಒಂದು ಸಿದ್ಧಾಂತವೇ ಇದೆಯಲ್ಲ?


ಪೆಟ್ರಿ ತಟ್ಟೆ (ಶಿವಮೊಗ್ಗ)

ಅದು ಬಾಸ್ ಬೆಕಿಂಗ್ 1934ರಲ್ಲಿ ಹೇಳಿದ್ದು. ಆಕಾರ ನೋಡಿ ಹೆಸರಿಡುತ್ತಿದ್ದ ಕಾಲಕ್ಕೆ ಹಾಗೇ ಕಾಣುತ್ತಿತ್ತು. ಎಲ್ಲೆಡೆ ಒಂದೇ ಆಕಾರ, ಹಾಗಾಗಿ ಎಲ್ಲೆಡೆ ಒಂದೇ ಜಾತಿ. ಜೀನ್ ಓದಿದ ಮೇಲೆ ಒಂದು ಆಕಾರದೊಳಗೆ ಬೇರೆ ಬೇರೆ ವಂಶಗಳು, ಒಂದೊಂದಕ್ಕೂ ಅದರದೇ ಸೀಮೆ ಅಂತ ಎಷ್ಟೋ ಕಡೆ ಕಂಡಿದೆ.

ಸೀಮೆ ದಾಟುವುದೇ ಇಲ್ಲ ಅಂತಲ್ಲ. ದಾಟಿಸುವುದು ಬಹುಪಾಲು ನಾವು. ಗೋಧಿಯ ಬೆಂಕಿ ರೋಗ 1985ರಲ್ಲಿ ಬ್ರೆಜಿಲಿನಲ್ಲಿ ಮೊದಲು ಕಂಡಿದ್ದು. 2016ರಲ್ಲಿ ಇದ್ದಕ್ಕಿದ್ದ ಹಾಗೆ ಬಾಂಗ್ಲಾದೇಶದಲ್ಲಿ ಬಂತು. ಭತ್ತದ ಬೆಂಕಿ ರೋಗ ಅಲ್ಲಿ ಮೊದಲೇ ಇತ್ತಲ್ಲ, ಅದೇ ಗೋಧಿಗೆ ಹಾರಿತಾ ಅಂತ ಅನುಮಾನ. ರೋಗ ಬಂದ ಎಲೆಯಿಂದಲೇ ಜೀನೋಮ್ ಓದಿ ಎಲ್ಲರಿಗೂ ಸಿಗುವ ಹಾಗೆ ಅಂತರ್ಜಾಲಕ್ಕೆ ಹಾಕಿದರು. ವಂಶವೃಕ್ಷದಲ್ಲಿ ಅದು ಪಕ್ಕದ ಗದ್ದೆಯ ಭತ್ತದ್ದರ ಜೊತೆ ಕೂರಲಿಲ್ಲ. ನೇರ ದಕ್ಷಿಣ ಅಮೆರಿಕದ ಗೋಧಿಯದ್ದರ ಜೊತೆ ಹೋಗಿ ಕೂತಿತು. ಹೊರಗಿಂದ ಬಂದದ್ದು ಅಂತ ಖಾತ್ರಿಯಾಯಿತು. ಮುಂದೆ ಪಶ್ಚಿಮ ಬಂಗಾಳದ ಗಡಿ ಜಿಲ್ಲೆಗಳಲ್ಲಿ ಗೋಧಿ ಬಿತ್ತುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ಬರೀ ಆಕಾರ ನೋಡಿದ್ದರೆ ಭತ್ತದ್ದೇ ಅಂತ ಸುಮ್ನೆ ಕೂರುತ್ತಿದ್ದೆವು.

ಹಾಗಾಗಿ ನಿಮ್ಮ ಹೆದರಿಕೆ ಸುಳ್ಳಲ್ಲ. ಕಾಫಿ ಕಾಯಿ ರೋಗ ಇಲ್ಲಿಗೆ ಬರುವುದಾದರೆ ನೆರೆಯ ಅಡಿಕೆ ಮರದಿಂದ ಬರುವುದಿಲ್ಲ. ಯಾರಾದರೂ ಆಫ್ರಿಕಾದಿಂದ ಜೇಬಿನಲ್ಲಿ ಕಾಫಿ ಬೀಜವೋ ಸಸಿಯೋ ಇಟ್ಟುಕೊಂಡು ಬಂದರೆ ಬರಬಹುದು. ಜಗಳ ಆಡುವುದಿದ್ದರೆ ಅಂಥವರ ಜೊತೆ ಆಡಿ.


ಕೊಪ್ಪದ ಕಾಫಿ

ಈ ಮಾತು ಸರಿ. ಹೊರದೇಶದ ತೋಟ ನೋಡಲು ಹೋಗಿ ಬರುವಾಗ ಬೀಜ ತಂದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವವರು ಇದ್ದಾರೆ. ಅವರಿಗೆ ಇದನ್ನು ಓದಿಸಬೇಕು.


ಜಿಟಿಜಿಟಿ ಮಳೆ (ಆಗುಂಬೆ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಳೆಗಾಲದಲ್ಲಿ ನಮ್ಮ ಹಳ್ಳದಲ್ಲಿ ಕಲ್ಲಿನ ಸಂದಿಗೆ ಹಳದಿ ಮಿಶ್ರಿತ ನೊರೆ ಕಟ್ಟುತ್ತದಲ್ಲ, ಅದರಲ್ಲಿ ಶಿಲೀಂಧ್ರ ಇರುತ್ತದೆ ಅಂತ ಯಾರೋ ಹೇಳಿದರು. ನಿಜವಾ?


ಪೆಟ್ರಿ ತಟ್ಟೆ (ಶಿವಮೊಗ್ಗ)

ನಿಜ! ಒಂದು ತೊಟ್ಟು ನೊರೆಯನ್ನು ಗಾಜಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿ. ನಾಲ್ಕು ಕೈ ಚಾಚಿದ ಬೀಜಾಣುಗಳು, ಎಸ್ ಆಕಾರದ ಸಣ್ಣ ಎಳೆಗಳು ರಾಶಿ ರಾಶಿ ಸಿಗುತ್ತವೆ. ನೀರಿಗೆ ಬಿದ್ದ ಎಲೆಗಳನ್ನು ಕೊಳೆಸುವ ಶಿಲೀಂಧ್ರಗಳು ಅವು. ಎಲೆಯನ್ನು ಇವು ಮೆತ್ತಗೆ ಮಾಡಿಕೊಟ್ಟ ಮೇಲೆ ಹಳ್ಳದ ಹುಳಗಳಿಗೆ ಅದು ಊಟ. 1942ರಲ್ಲಿ ಇಂಗ್ಲೆಂಡಿನಲ್ಲಿ ಇಂಗೋಲ್ಡ್ ಇವುಗಳನ್ನು ಬೆಳಕಿಗೆ ತಂದರು. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಮಂಗಳೂರು ವಿಶ್ವವಿದ್ಯಾಲಯದವರು ತುಂಬಾ ಕೆಲಸ ಮಾಡಿದ್ದಾರೆ.

ತುಂಗಾ ತಟ ಸಾರ್, ಇದು ನಿಮಗೆ. ಆ ನಾಲ್ಕು ಕೈಯ ಆಕಾರ ಒಂದೇ ವಂಶದ್ದಲ್ಲ. ಹರಿಯುವ ನೀರಿನಲ್ಲಿ ಎಲೆಗೆ ಸಿಕ್ಕಿಕೊಳ್ಳಲು ಅನುಕೂಲ ಅಂತ ಸಂಬಂಧವೇ ಇಲ್ಲದ ಬೇರೆ ಬೇರೆ ವಂಶಗಳಲ್ಲಿ ಮತ್ತೆ ಮತ್ತೆ ಹುಟ್ಟಿದೆ. ಆಕಾರ ನಂಬಿದರೆ ಹೀಗೆ ಮೋಸ.


ತುಂಗಾ ತಟ

ನೊರೆಯಲ್ಲಿ ನಾಲ್ಕು ಕೈ ಇದ್ದರೂ ನನ್ನ ತೋಟಕ್ಕೆ ಒಂದು ಕೈ ಕೂಲಿ ಸಿಗುತ್ತಿಲ್ಲ ಮೇಡಂ.


ಹೆಗ್ಡೇರ ತೋಟ (ಶೃಂಗೇರಿ)

ಕೂಲಿ ವಿಷಯ ಎತ್ತಬೇಡಿ. ನಾನು ಈಗ ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡಿದ್ದೇನೆ. ನೆಲದಲ್ಲೇ ನಿಂತು ಹೊಡೆಯಬಹುದು. ಕುತ್ತಿಗೆ ಮಾತ್ರ ರಾತ್ರಿ ಮಲಗಲು ಬಿಡುವುದಿಲ್ಲ.


ಮೈಲುತುತ್ತ

ದೋಟಿಗೆ ಎಷ್ಟಾಯ್ತು ಹೆಗ್ಡೇರೆ? ಸಬ್ಸಿಡಿ ಸಿಕ್ಕಿತಾ?


ಹೆಗ್ಡೇರ ತೋಟ (ಶೃಂಗೇರಿ)

ಮೆಸೇಜ್ ಮಾಡಿ ಹೇಳುತ್ತೇನೆ, ಇಲ್ಲಿ ಬರೆದರೆ ಮನೆಯವಳು ಓದುತ್ತಾಳೆ.


ಗೌಡ್ರ ಮನೆ (ರಿಪ್ಪನ್‌ಪೇಟೆ)

ಅಣಬೆ ರೋಗದ್ದೂ ಹೀಗೇ ಹೆಸರಿನ ಗೊಂದಲ ಇದೆಯಾ? ನಮ್ಮಲ್ಲಿ ಎರಡು ಅಡಿಕೆ ಮರದ ಬುಡದಲ್ಲಿ ಕೆಂಪು ಮೆರುಗಿನ ಅಣಬೆ ಎದ್ದಿದೆ. ಗ್ಯಾನೊಡರ್ಮಾ ಲ್ಯೂಸಿಡಮ್ ಅಂದರು.


ಹಳೇ ಮೇಷ್ಟ್ರು (ಸಾಗರ)

ಇದೆ. ಲ್ಯೂಸಿಡಮ್ ಇಂಗ್ಲೆಂಡಿನಿಂದ 1781ರಲ್ಲಿ ವರ್ಣಿಸಿದ್ದು. ಮೆರುಗಿನ ಅಣಬೆ ಎಲ್ಲಿ ಕಂಡರೂ ಲೋಕವೆಲ್ಲ ಅದೇ ಹೆಸರು ಬರೆಯಿತು. ಚೀನಾದವರು ಔಷಧಿಗೆ ಬೆಳೆಯುವುದು ಕೂಡ ಅದಲ್ಲ, ಬೇರೆ ಜಾತಿ ಅಂತ ಈಗ ಬೇರೆ ಹೆಸರು ಕೊಟ್ಟಿದ್ದಾರೆ. ನಮ್ಮ ತೋಟದ್ದೂ ಇಂಗ್ಲೆಂಡಿನದ್ದಾಗಿರುವ ಸಾಧ್ಯತೆ ಕಡಿಮೆ. ಹೆಸರು ಏನೇ ಇರಲಿ ಗೌಡ್ರೇ, ಆ ಮರಗಳ ಸುತ್ತ ಚರಂಡಿ ತೆಗೆದು ಪಕ್ಕದ ಮರದ ಬೇರಿಗೆ ತಾಗದ ಹಾಗೆ ಬೇರೆ ಮಾಡಿ. ಸತ್ತ ಮರವನ್ನು ಬುಡ ಸಮೇತ ಕಿತ್ತು ಸುಟ್ಟುಬಿಡಿ.


ಬಾಳೆಹಿತ್ಲು (ತೀರ್ಥಹಳ್ಳಿ ಕಡೆ)

ಅಳಿಯ ಫೋನ್ ಮಾಡಿದ್ದ. ಆ ಇನ್ನೊಂದು ಜೀನ್ ಗ್ಲುಟಮಿನ್ ಸಿಂಥಟೇಸೇ ಅಂತೆ. ಪಕ್ಕದವರಿಗೆ ಮೇಡಂ ಬರೆದದ್ದನ್ನು ತೋರಿಸಿದೆ. ಪೂರ್ತಿ ನಂಬಿಲ್ಲ, ಆದರೆ ಮಾತು ನಿಲ್ಲಿಸಿದ್ದಾರೆ. ಇನ್ನೊಮ್ಮೆ ಸರಿಯಾಗಿ ಸ್ಯಾಂಪಲ್ ಕೊಡಬೇಕು ಅಂತಿದ್ದೇನೆ. ಹೇಗೆ ಕಳಿಸಬೇಕು ಮೇಡಂ?


ಪೆಟ್ರಿ ತಟ್ಟೆ (ಶಿವಮೊಗ್ಗ)

ಗ್ಲುಟಮಿನ್ ಆದರೆ ಸಿಗಾರೋ ಅನ್ನುವುದಕ್ಕೆ ಬಲ ಬಂತು, ಒಳ್ಳೆಯದಾಯಿತು.

ಪೂರ್ತಿ ಒಣಗಿದ ಸೋಗೆ ತರಬೇಡಿ, ಅದರಲ್ಲಿ ಆಮೇಲೆ ಬಂದು ಸೇರಿಕೊಂಡ ಬೂಷ್ಟುಗಳೇ ಜಾಸ್ತಿ. ಹೊಸ ಚುಕ್ಕೆ, ಸುತ್ತ ಹಳದಿ ಉಂಗುರ ಇರುವಂಥದ್ದು ಬೇಕು. ಹಸಿರೂ ಕಂದೂ ಸೇರುವ ಅಂಚು ಸಿಗುವ ಹಾಗೆ ಕತ್ತರಿಸಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರಿ ಹಾಳಾಗುತ್ತದೆ. ನ್ಯೂಸ್ ಪೇಪರಿನಲ್ಲಿ ಸುತ್ತಿ ಮರುದಿನದೊಳಗೆ ತಲುಪಿಸಿ. ನಾನು ಆ ಅಂಚನ್ನು ತೊಳೆದು ಒದ್ದೆ ಕಾಗದದ ಡಬ್ಬಿಯಲ್ಲಿಟ್ಟರೆ ಸ್ವಲ್ಪ ದಿನದಲ್ಲಿ ಚುಕ್ಕೆಯ ಮೇಲೆ ಸಾಸಿವೆಗಿಂತ ಸಣ್ಣ ಕಿತ್ತಳೆ ಬಣ್ಣದ ಹನಿಗಳು ಏಳುತ್ತವೆ. ಅದೇ ಬೀಜಾಣು ರಾಶಿ. ಅದರಿಂದ ಒಂದೇ ಒಂದು ಬೀಜಾಣು ಎತ್ತಿ ಬೆಳೆಸಬೇಕು. ಇಲ್ಲದಿದ್ದರೆ ಎರಡು ಜಾತಿ ಬೆರೆತು ರಿಪೋರ್ಟು ಕಲಸುಮೇಲೋಗರ ಆಗುತ್ತದೆ. ಅಡಿಕೆ ಚುಕ್ಕೆಯಲ್ಲಿ ಫಿಲೋಸ್ಟಿಕ್ಟಾ, ಪೆಸ್ಟಲೋಶಿಯಾ ಅನ್ನುವ ಬೇರೆ ಶಿಲೀಂಧ್ರಗಳೂ ಜೊತೆಗೇ ಇರುತ್ತವೆ.

ಚೀಟಿಯಲ್ಲಿ ಊರು, ತಾರೀಖು, ಸಮುದ್ರಮಟ್ಟದಿಂದ ಎತ್ತರ, ಮರದ ವಯಸ್ಸು, ಅಕ್ಕಪಕ್ಕ ಏನೇನು ಗಿಡ ಇದೆ ಅಂತ ಬರೆಯಿರಿ. ಕಾಫಿ, ಮೆಣಸು, ಏಲಕ್ಕಿ, ಬೇಲಿಯ ಕಾಡುಗಿಡ, ಎಲ್ಲ. ಇದನ್ನು ಯಾರೂ ಬರೆಯುವುದಿಲ್ಲ. "ಕರ್ನಾಟಕ, ಅಡಿಕೆ" ಅಂತ ಮಾತ್ರ ಬರೆದು ಕೊಡುತ್ತಾರೆ. ಸಿಗಾರೋ ನಮ್ಮ ಕಾಡಿನಲ್ಲಿ ಮೊದಲಿಂದಲೇ ಯಾವುದೋ ಗಿಡದಲ್ಲಿ ಸುಮ್ನೆ ಇತ್ತಾ, ಹೊರಗಿಂದ ಬಂತಾ ಅನ್ನುವುದು ಅಕ್ಕಪಕ್ಕದ ಗಿಡಗಳನ್ನೂ ನೋಡದೆ ಹೇಳಲು ಬರುವುದಿಲ್ಲ. ಸಾಧ್ಯವಾದರೆ ಪಕ್ಕದವರ ಕಾಫಿ ಎಲೆಯೂ ನಾಲ್ಕು ತನ್ನಿ.


ಬಾಳೆಹಿತ್ಲು (ತೀರ್ಥಹಳ್ಳಿ ಕಡೆ)

ಪಕ್ಕದವರ ಕಾಫಿ ಎಲೆ ಕೇಳುವುದಾ! ನೋಡೋಣ, ಮೊದಲು ಚಾ ಕುಡಿಸಿ ಕೇಳುತ್ತೇನೆ.


ಕೊಪ್ಪದ ಕಾಫಿ

ಅವರು ಕೊಡದಿದ್ದರೆ ನನ್ನ ತೋಟದ್ದು ತೆಗೆದುಕೊಳ್ಳಿ ಮೇಡಂ. ಅರೇಬಿಕಾ, ರೊಬಸ್ಟಾ ಎರಡೂ ಕೊಡುತ್ತೇನೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಮಗೆ ಹತ್ತಿರ, ಅವರಿಗೂ ಒಂದು ಕಂತೆ ಕೊಟ್ಟು ಬರುತ್ತೇನೆ.


ಜಿಟಿಜಿಟಿ ಮಳೆ (ಆಗುಂಬೆ)

ನೊರೆ ಬೇಕಾದರೆ ಹೇಳಿ, ಇಲ್ಲಿ ಅದಕ್ಕೇನೂ ಬರ ಇಲ್ಲ. ಬಾಟಲಿಯಲ್ಲಿ ತರಬಹುದಾ?


ಪೆಟ್ರಿ ತಟ್ಟೆ (ಶಿವಮೊಗ್ಗ)

ಬಾಟಲಿಯಲ್ಲಿ ಹಾಗೇ ತಂದರೆ ದಾರಿಯಲ್ಲೇ ಬೀಜಾಣುಗಳು ಮೊಳಕೆ ಒಡೆದುಬಿಡುತ್ತವೆ. ಹಳ್ಳಕ್ಕೆ ನಾನೇ ಬರುತ್ತೇನೆ, ಜಿಗಣೆಗೆ ಉಪ್ಪು ನೀವು ತನ್ನಿ.


ಗೌಡ್ರ ಮನೆ (ರಿಪ್ಪನ್‌ಪೇಟೆ)

ಇಷ್ಟೆಲ್ಲ ಆಯಿತು, ಕಾಳುಮೆಣಸಿನ ಸೊರಗು ರೋಗದ್ದು ಯಾರೂ ಹೇಳಲಿಲ್ಲ. ಅದೂ ಫೈಟೋಫ್ತೊರಾ ಅಲ್ವಾ? ಅಡಿಕೆ ಮರಕ್ಕೇ ಬಳ್ಳಿ ಹಬ್ಬಿಸಿದ್ದೇವೆ. ಅಡಿಕೆ ಗೊನೆಯ ಕೊಳೆ ಬಳ್ಳಿಗೆ ಇಳಿಯುತ್ತದಾ?


ಪೆಟ್ರಿ ತಟ್ಟೆ (ಶಿವಮೊಗ್ಗ)

ಅದೂ ಫೈಟೋಫ್ತೊರಾನೇ, ಆದರೆ ಬೇರೆ ಜಾತಿ. ಮೊದಲು ಅದನ್ನೂ ಪಾಲ್ಮಿವೋರಾ ಅನ್ನುತ್ತಿದ್ದರು, ಆಮೇಲೆ ಕ್ಯಾಪ್ಸಿಸಿ ಅಂದರು. ಈಗ ಅದರಲ್ಲೂ ಒಂದು ಭಾಗ 2001ರಲ್ಲಿ ಹವಾಯಿಯಿಂದ ವರ್ಣಿಸಿದ ಟ್ರಾಪಿಕಾಲಿಸ್‌ಗೆ ಹೋಗುತ್ತದೆ ಅನ್ನುವ ವಾದ ಇದೆ. ಇದಕ್ಕೆ ಬೇರೆ ಥ್ರೆಡ್ ಹಾಕಿ ಗೌಡ್ರೇ, ಇಲ್ಲಿ ಶುರು ಮಾಡಿದರೆ ತುಂಗಾ ತಟ ಸಾರ್ ನನ್ನನ್ನು ಬಿಡುವುದಿಲ್ಲ.


ತುಂಗಾ ತಟ

ಹಾಕಿ ಗೌಡ್ರೇ, ಬಂದೆ.